ಒಂದು ಡಬ್ಬ, ಎರಡು ಒಲೆ

ನಮ್ಮ ಮನೆಯ ಕಂಪ್ಯೂಟರು ಈಚೆಗೆ ದಿನಾ ಬೆಳಿಗ್ಗೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತದೆ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಮೇಲಿನದು ಹೆಂಡತಿಯ ವಿಂಡೋಸು, ಕೆಳಗಿನದು ನನ್ನ ಲಿನಕ್ಸು. ಯಾವುದು ಬೇಕೆಂದು ಕೇಳಿ ಅದು ಹತ್ತರಿಂದ ಕೆಳಕ್ಕೆ ಎಣಿಸತೊಡಗುತ್ತದೆ. ಅಷ್ಟರಲ್ಲಿ ಹೇಳದಿದ್ದರೆ ತಾನೇ ಮೇಲಿನದನ್ನು ತೆರೆದುಬಿಡುತ್ತದೆ. ನಾನು ಚಹಾದ ಲೋಟ ಇಟ್ಟು, ಕನ್ನಡಕ ಹುಡುಕಿ, ಮೂಗಿಗೇರಿಸುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ಹೀಗಾಗಿ ಒಂಬತ್ತನೇ ತರಗತಿಯ ಹಳಗನ್ನಡದ ಟಿಪ್ಪಣಿ ಬರೆಯಲು ಕೂತವನು ಎಷ್ಟೋ ಸಲ ಮೂವತ್ತಾರು ಸೈಜಿನ ಪ್ಯಾಂಟಿನ ಎರಡು ಕಾಲುಗಳ ಮುಂದೆ ಕೂತಿರುತ್ತೇನೆ.

ಈ ಎಣಿಕೆಯನ್ನು ಮೊದಲ ಸಲ ಕಂಡಾಗ ನನಗೆ ಕುರುಗೋಡಿನ ನಮ್ಮ ಮನೆಯ ಹೊಸ್ತಿಲು ನೆನಪಾಯಿತು. ನಗಬೇಡಿ, ಕಾರಣವಿದೆ.

ಆ ಮನೆಯಲ್ಲಿ ಎರಡು ಒಲೆಗಳಿದ್ದವು. ಅಡುಗೆಮನೆಯದು ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿಯದು. ಹಿತ್ತಲ ಕಡೆಯ ಪಡಸಾಲೆಯಲ್ಲಿದ್ದದ್ದು ಅಮ್ಮನ ತಾಯಿಯದು. ಆಕೆಯನ್ನು ನಾವು ಅಮ್ಮಮ್ಮ ಎನ್ನುತ್ತಿದ್ದೆವು. ಗಡಿಯಾಚೆ ಆದೋನಿ ಕಡೆಯ ಹೆಂಗಸು, ಮಾತು ಅರ್ಧ ತೆಲುಗು, ಅರ್ಧ ಕನ್ನಡ. ತಾತ ತೀರಿಕೊಂಡ ಮೇಲೆ ಒಬ್ಬಳೇ ಮಗಳಾದ ನಮ್ಮಮ್ಮ ಆಕೆಯನ್ನು ಕುರುಗೋಡಿಗೆ ಕರೆತಂದಳು. ಬಂದಳೇನೋ ಸರಿ, ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ ಹೆತ್ತವರು ಉಣ್ಣಬಾರದು ಎಂಬ ಪದ್ಧತಿಯನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಮೊದಲ ದಿನವಿಡೀ ಕಟ್ಟೆಯ ಮೇಲೆ ಕೂತು ಬುತ್ತಿಯ ಅವಲಕ್ಕಿ ತಿಂದಳಂತೆ. ಅಮ್ಮ ಅತ್ತಳು, ಅಪ್ಪ ಬೇಡಿಕೊಂಡ. ಅಜ್ಜಿ ಮಾತ್ರ ಹಿತ್ತಲಿಗೆ ಹೋಗಿ ಮಣ್ಣು ಕಲಸಿ ಒಂದು ಒಲೆ ಹಾಕಿದಳು. ಹಾಕಿ, ಕೈ ತೊಳೆದುಕೊಂಡು ಬಂದು ಬೀಗಿತ್ತಿಯ ಮುಂದೆ ನಿಂತಳು.

"ಮುಂದಿನ ಒಲಿ ನಂದು, ಹಿಂದಿನ ಒಲಿ ನಿಂದು. ನಡುವ ಮಗಳ ಮನಿ ಎಲ್ಲೈತಿ, ತೋರ್ಸು ನೋಡೋಣ."

ಅಮ್ಮಮ್ಮ ಎದ್ದು ಒಳಗೆ ಬಂದಳು. ಅಲ್ಲಿಂದಾಚೆ ಒಂದೇ ಸೂರಿನಡಿ ಎರಡು ಸಂಸಾರ. ಉಪ್ಪು ಬೇರೆ, ಕಟ್ಟಿಗೆ ಬೇರೆ, ಕೊಡ ಬೇರೆ, ಬೆಂಕಿಪೆಟ್ಟಿಗೆಯೂ ಬೇರೆ. ಜಗಳ ಅಂದುಕೊಳ್ಳಬೇಡಿ. ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಕಾಲು ಚಾಚಿ ಊರಿನವರ ಮೇಲೆಲ್ಲ ಮಾತಾಡುತ್ತಿದ್ದರು. ಆದರೆ ಅಡುಗೆಯ ಹೊತ್ತಿಗೆ ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅಜ್ಜಿಯ ಒಲೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅಮ್ಮಮ್ಮನ ಒಲೆಯಲ್ಲಿ ಬಿಸಿ ಅನ್ನ, ಗೋಂಗೂರ ಪಚ್ಚಡಿ. ಪುಂಡಿಯೂ ಗೋಂಗೂರವೂ ಒಂದೇ ಗಿಡದ ಸೊಪ್ಪು, ನಮ್ಮ ಹಿತ್ತಲಿನದೇ. ಇಬ್ಬರೂ ಒಂದೇ ಗಿಡದಿಂದ ಕಿತ್ತುಕೊಂಡು ಹೋಗಿ, ನಿನ್ನದಕ್ಕಿಂತ ನನ್ನದೇ ರುಚಿ ಎನ್ನುತ್ತಿದ್ದರು.

ನಾವು ಮಕ್ಕಳು ಶಾಲೆಯಿಂದ ಊಟಕ್ಕೆ ಬಂದರೆ ಹೊಸ್ತಿಲಲ್ಲೇ "ಯಾವ ಒಲಿ?" ಎಂಬ ಪ್ರಶ್ನೆ ಕಾಯುತ್ತಿತ್ತು. ಚಪ್ಪಲಿ ಬಿಟ್ಟು ಕಾಲು ತೊಳೆಯುವಷ್ಟು ಹೊತ್ತು ಯೋಚಿಸಲು ಅವಕಾಶ. ಅಷ್ಟರಲ್ಲಿ ಬಾಯಿಬಿಡದಿದ್ದರೆ ಅಜ್ಜಿಯ ಕಡೆ ತಟ್ಟೆ ಬಿದ್ದಿರುತ್ತಿತ್ತು. ನಾನು ಆಸೆಬುರುಕ. ಮೊದಲು ಸುಮ್ಮನಿದ್ದು ಅಜ್ಜಿಯ ರೊಟ್ಟಿ ತಿಂದು, ಆಮೇಲೆ ಹಿತ್ತಲಿಗೆ ಹೋಗಿ, ಯಾರೂ ನನ್ನನ್ನು ಕೇಳಲೇ ಇಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಿದ್ದೆ. ಈಗಿನ ನನ್ನ ಹೊಟ್ಟೆಯ ಸುತ್ತಳತೆ ಆ ಹೊಸ್ತಿಲಿನಿಂದಲೇ ಶುರುವಾದದ್ದು.

ಸುತ್ತಳತೆ ಎಂದ ಕೂಡಲೇ ಗಿರಿಜಾಳ ಮಾತಿಗೆ ಬರಬೇಕು. ನನ್ನ ಹೆಂಡತಿ ಗಿರಿಜಾ ಜೀನ್ಸ್ ಪ್ಯಾಂಟಿನ ಪ್ಯಾಟರ್ನ್ ಮಾಡುವವಳು. ಬಳ್ಳಾರಿಯ ಜೀನ್ಸು ನಿಮಗೆ ಗೊತ್ತಿರಬೇಕು, ನೀವು ಈಗ ತೊಟ್ಟಿರುವುದೂ ನಮ್ಮೂರಿನದೇ ಇದ್ದೀತು. ಪ್ಯಾಂಟು ಹೊಲಿಯುವ ಮೊದಲು ಅದರ ಒಂದೊಂದು ತುಂಡಿಗೂ ಅಳತೆಯ ನಕ್ಷೆ ಬೇಕು. ಅದೇ ಪ್ಯಾಟರ್ನು. ಅದನ್ನಿಟ್ಟು ಬಟ್ಟೆ ಕತ್ತರಿಸುತ್ತಾರೆ. ನಮ್ಮ ಮನೆಯ ಮುಂದಿನ ದೊಡ್ಡ ಕೋಣೆಯೇ ಅವಳ ಕಾರ್ಖಾನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು, ಆದರೆ ಬಾಗಿಲಲ್ಲಿ ಯಾರಾದರೂ "ಮಾಸ್ಟರ್ ಅದಾರೇನ್ರಿ?" ಎಂದು ಕೇಳಿದರೆ ಅದು ನನ್ನನ್ನಲ್ಲ, ಪ್ಯಾಟರ್ನ್ ಮಾಸ್ಟರನ್ನು. ಮೊದಮೊದಲು ನಾನು ಶರಟಿನ ಗುಂಡಿ ಹಾಕಿಕೊಂಡು ಎದ್ದು ಹೋಗುತ್ತಿದ್ದೆ. ಈಗ ಕೂತಲ್ಲಿಂದಲೇ ಗಿರಿಜಾ ಎಂದು ಕೂಗುತ್ತೇನೆ.

ಅವಳ ಪ್ಯಾಟರ್ನುಗಳಲ್ಲಿ ದೊಡ್ಡ ಹೆಸರು ಮಾಡಿದ್ದು ಒಂದು. ಕೋಣೆಯಲ್ಲಿ ಕೆಲಸ ಮಾಡುವವರು ಅದನ್ನು ಉಣ್ಣೋ ಪ್ಯಾಂಟು ಎನ್ನುತ್ತಾರೆ. ಅದರ ಹುಟ್ಟಿಗೆ ನಾನೇ ಕಾರಣ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಹೌದು, ಹೆಮ್ಮೆಯೂ ಹೌದು. ಹಚ್ಚೊಳ್ಳಿಯಲ್ಲಿ ಒಂದು ಮದುವೆ. ಹೊಸ ಜೀನ್ಸು ತೊಟ್ಟು ಹೋಗಿದ್ದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆನೋ ಇಲ್ಲವೋ, ಪರ್ರೆಂದು ಸದ್ದಾಯಿತು. ಬಡಿಸುತ್ತಿದ್ದವನು ಹಪ್ಪಳ ಮುರಿದದ್ದೆಂದು ತಿಳಿದು ಇನ್ನೊಂದು ಹಾಕಿದ. ನಾನು ಮಾತ್ರ ಪಂಕ್ತಿ ಎದ್ದು ಹೋದರೂ ಏಳದೆ ಎರಡನೇ ಪಂಕ್ತಿಯಲ್ಲೂ ಉಂಡೆ. ಗಿರಿಜಾ ಅಂದು ನಗಲಿಲ್ಲ. ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಳು. ನೆಲದ ಮೇಲೆ ಕೂತು ಉಣ್ಣುವ ಜನಕ್ಕೆ ನಿಂತೇ ಇರುವವರ ಪ್ಯಾಂಟು ಯಾಕೆ ಎಂಬುದು ಅವಳ ಪ್ರಶ್ನೆ. ಆಮೇಲೆ ಎರಡು ಮೂರು ವರ್ಷ ತೊಡೆಯ ಬಳಿ ಒಂದು ನೂಲಿನಷ್ಟು ಅಗಲ ಬಿಟ್ಟು, ಹಿಂದೆ ಒಂದು ನೂಲು ಏರಿಸಿ, ಪ್ರತಿಸಲವೂ ನನಗೆ ತೊಡಿಸಿ, "ಕೂಡ್ರಿ, ಏಳ್ರಿ, ಕೂಡ್ರಿ" ಎಂದು ಬಸ್ಕಿ ಹೊಡೆಸಿ, ಕೊನೆಗೆ ಆ ಅಳತೆ ಹಿಡಿದಳು. ಇಪ್ಪತ್ತೆಂಟರಿಂದ ನಲವತ್ತನಾಲ್ಕರವರೆಗೆ ಎಲ್ಲ ಸೈಜಿಗೂ ಕೂರಿಸಿದಳು. ಈಗ ಅವಳನ್ನು ಹುಡುಕಿಕೊಂಡು ಬರುವವರೆಲ್ಲ ಬರುವುದು ಆ ಪ್ಯಾಂಟಿಗಾಗಿಯೇ.

ರಟ್ಟಿನ ಪ್ಯಾಟರ್ನುಗಳನ್ನು ಒಂದು ಮಳೆಗಾಲದಲ್ಲಿ ಇಲಿಗಳು ತಿಂದವು. ಆಗಿನಿಂದ ಎಲ್ಲವೂ ಕಂಪ್ಯೂಟರಿನಲ್ಲಿ. ಬೇಕಾದಾಗ ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾಳೆ, ಕೆಲಸ ಮುಗಿದ ಮೇಲೆ ಕಾಗದ ಒಲೆಗೆ. ಆ ಪ್ಯಾಟರ್ನಿನ ಸಾಫ್ಟ್‌ವೇರು ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ನನ್ನ ಶಾಲೆಯ ಕೆಲಸಕ್ಕೆ ತೆರೆಯಬೇಕಾದ ಜಾಲತಾಣಗಳೋ, ನಿಮ್ಮದು ಬಹಳ ಹಳೆಯದು, ಹೊಸದು ಹಾಕಿಕೊಂಡು ಬನ್ನಿ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದವು. ಅವಳಿಗೆ ಹಳೆಯದು ಬೇಕು, ನನಗೆ ಹೊಸದು ಬೇಕು, ಇರುವುದು ಒಂದು ಡಬ್ಬ.

ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ದಾರಿ ತೋರಿಸಿದರು. ವಿಂಡೋಸಿನ ಹಾಗೆಯೇ ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬುದೊಂದಿದೆ, ಅದನ್ನೂ ಹಾಕಿಕೊಳ್ಳಿ, ಇರುವ ಹಾರ್ಡ್ ಡಿಸ್ಕನ್ನೇ ಎರಡು ಭಾಗ ಮಾಡಿ, ಅಣ್ಣತಮ್ಮಂದಿರ ಹಾಗೆ ಇರಲಿ ಎಂದರು. ನಾನು ಮನೆಗೆ ಬಂದು ಗಿರಿಜಾಳಿಗೆ, ನಡುವೆ ಒಂದು ಗೋಡೆ ಎಬ್ಬಿಸಿದ ಹಾಗೆ ಎಂದು ವಿವರಿಸಿದೆ. ಅವಳು ಕತ್ತರಿ ಕೆಳಗಿಟ್ಟಳು.

"ಜನ ಇರೋ ಮನ್ಯಾಗ ಗೋಡಿ ಎಬ್ಬಿಸಾಕ ಹೋದ್ರ ಗಡಗಿ ಒಡಿಯೂದ ಖರೆ. ನನ್ನ ಪ್ಯಾಟರ್ನ್ ಇರೋದಕ್ಕ ಕೈ ಹಚ್ಚಬ್ಯಾಡ್ರಿ. ನಿಮಗ ಬೇಕಂದ್ರ ಬ್ಯಾರೆ ಡಿಸ್ಕ್ ತಂದು ಹಾಕ್ಕೋರ್ರಿ."

ಎರಡು ಡ್ರೈವಿನಲ್ಲಿ, ಅಂದರೆ ಎರಡು ಡಿಸ್ಕಿನಲ್ಲಿ, ಎರಡು ವ್ಯವಸ್ಥೆ ಎಂಬ ಉಪಾಯ ಹೀಗೆ ಅವಳದು. ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ನನ್ನದೆಂದೇ ಹೇಳಿದೆ. ವಿಜ್ಞಾನದ ಮೇಷ್ಟ್ರು ತಲೆದೂಗಿದರು.

ಸಣ್ಣದೊಂದು ಹೊಸ ಡ್ರೈವು ತಂದೆ. ಮೊಬೈಲಿನಲ್ಲಿ ಕಲಿಸುವ ವಿಡಿಯೊ ನೋಡಿದೆ. ಅದರಲ್ಲಿ ಒಬ್ಬ ಎರಡು ಮಾತುಗಳನ್ನು ಒತ್ತಿ ಒತ್ತಿ ಹೇಳುತ್ತಿದ್ದ. ಮೊದಲನೆಯದು, ಹಳೆಯ ಡ್ರೈವಿನಲ್ಲಿರುವುದಕ್ಕೆಲ್ಲ ಒಂದು ನಕಲು ಮಾಡಿಟ್ಟುಕೊಳ್ಳಿ. ಎರಡನೆಯದು, ಹೊಸದು ಹಾಕುವಾಗ ಹಳೆಯ ಡ್ರೈವನ್ನು ಕಳಚಿ ಬೇರೆ ಇಡಿ, ಆಗ ತಪ್ಪಿಯೂ ಅದು ಅಳಿಸಿಹೋಗುವುದಿಲ್ಲ. ಮೊದಲ ಮಾತನ್ನು ನಾನು ಪುಸ್ತಕದ ಮುನ್ನುಡಿ ಹಾರಿಸುವ ಹಾಗೆ ಹಾರಿಸಿದೆ. ಎರಡನೆಯದನ್ನು ಅಕ್ಷರಶಃ ಪಾಲಿಸಿದೆ. ನನಗೆ ಕೇಡು ಬಂದದ್ದು ಪಾಲಿಸಿದ್ದರಿಂದಲೇ.

ಶನಿವಾರ, ಅರ್ಧ ದಿನದ ಶಾಲೆ. ಗಿರಿಜಾ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಕೊಳಗಲ್ಲಿನ ತವರಿಗೆ ಹೋಗಿದ್ದಳು, ಬರುವುದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಉಣ್ಣೋ ಪ್ಯಾಂಟಿನ ದೊಡ್ಡದೊಂದು ಕಟಿಂಗ್ ಇತ್ತು. ಮೇಜಿನ ಮೇಲೆ ಬಟ್ಟೆ ಪದರ ಪದರವಾಗಿ ಹಾಸಿ ಸಿದ್ಧವಾಗಿತ್ತು. ನಾನು ಸ್ಕ್ರೂಡ್ರೈವರು ಹಿಡಿದು ಡಬ್ಬ ಬಿಚ್ಚಿದೆ. ಒಳಗೆಲ್ಲ ಜೀನ್ಸಿನ ನೀಲಿ ಧೂಳು. ಅದನ್ನು ಊದಿ, ಸೀನಿ, ಎರಡು ವೈರು ಕಿತ್ತು, ಹಳೆಯ ಡ್ರೈವನ್ನು ಹೊರಗೆ ತೆಗೆದೆ. ಬರಿದೇ ಇಡಬಾರದು, ಧೂಳು ಕೂರುತ್ತದೆ ಎನಿಸಿತು. ಕೈಗೆ ಸಿಕ್ಕ ಜೀನ್ಸಿನ ತುಂಡಿನಲ್ಲಿ ಸುತ್ತಿದೆ. ಬಿಚ್ಚಿಕೊಳ್ಳಬಾರದೆಂದು ಬಟ್ಟೆಯ ಅಂಚಿನ ಪಟ್ಟಿಯಿಂದ ಅಚ್ಚುಕಟ್ಟಾಗಿ ಕಟ್ಟಿ ಬೆಂಚಿನ ಮೇಲಿಟ್ಟೆ. ಎಷ್ಟು ಜೋಪಾನ ನೋಡಿ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಕತ್ತರಿಸಿದ ತುಂಡುಗಳು ನಮ್ಮ ಕೋಣೆಯಲ್ಲಿ ಪ್ಯಾಂಟಾಗುವುದಿಲ್ಲ. ಗಂಟು ಕಟ್ಟಿ ಸಿರುಗುಪ್ಪಕ್ಕೆ ಕಳಿಸುತ್ತಾರೆ, ಅಲ್ಲಿಂದ ಸುತ್ತಲಿನ ಹಳ್ಳಿಗಳ ಹೆಂಗಸರು ಒಯ್ದು ಮನೆಯಲ್ಲೇ ಹೊಲಿದುಕೊಡುತ್ತಾರೆ. ಗಂಟು ಕಟ್ಟುವುದು ಅದೇ ಅಂಚಿನ ಪಟ್ಟಿಯಿಂದ. ಪಟ್ಟಿ ಕಟ್ಟಿದ ಮೇಲೆ ಅದು ಹೊರಡುವ ಸಾಮಾನು, ಕಟ್ಟದ್ದು ಮನೆಯಲ್ಲಿ ಉಳಿಯುವ ಸಾಮಾನು. ಕಟ್ಟಿದ್ದು ಊರಿನದು, ಬಿಚ್ಚಿದ್ದು ಮನೆಯದು ಎಂದು ಗಿರಿಜಾ ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ.

ಲಗೇಜ್ ಆಟೊದ ಖಾಸಿಂ ಬಂದಾಗ ನಾನು ಪರದೆಯ ಮೇಲೆ ಹೊಸ ವ್ಯವಸ್ಥೆ ತೆವಳುತ್ತಾ ಇಳಿಯುವುದನ್ನು ಬಿಡುಗಣ್ಣಿನಿಂದ ನೋಡುತ್ತಿದ್ದೆ. ಯಾವ ಗಂಟು ಒಯ್ಯಲಿ ಎಂದು ಅವನು ಬಾಗಿಲಿನಿಂದ ಕೇಳಿದ. ನಾನು ತಿರುಗಿ ನೋಡದೆ, ಕಟ್ಟಿದ್ದೆಲ್ಲ ತಗೊಂಡು ಹೋಗಪ್ಪಾ ಎಂದೆ. ಅವನು ಒಯ್ದ.

ಎರಡು ತಾಸಿಗೆ ಹೊಸ ವ್ಯವಸ್ಥೆ ಎದ್ದು ನಿಂತಿತು. ಬಂದ ಸಂತೋಷಕ್ಕೆ ನಾನೇ ಹೋಗಿ ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬಂದು ತಿಂದೆ. ಕೈ ತೊಳೆದುಕೊಂಡು, ಇನ್ನು ಹಳೆಯದನ್ನು ಅದರ ಜಾಗದಲ್ಲಿ ಕೂರಿಸೋಣವೆಂದು ಬೆಂಚಿನ ಕಡೆ ನೋಡಿದರೆ ಬೆಂಚು ಖಾಲಿ.

ಬೆಂಚಿನ ಕೆಳಗೆ ನೋಡಿದೆ. ಮೇಜಿನ ಮೇಲಿನ ಬಟ್ಟೆಯ ಪದರಗಳನ್ನು ಎತ್ತೆತ್ತಿ ನೋಡಿದೆ. ಖಾಸಿಂಗೆ ಫೋನು ಮಾಡಿದರೆ ಅವನು ಆಗಲೇ ಸಿರುಗುಪ್ಪದಲ್ಲಿ ಗಂಟು ಇಳಿಸಿ ಚಹಾ ಕುಡಿಯುತ್ತಿದ್ದ.

"ನೀವಾ ಹೇಳಿದ್ರಲ್ಲ ಸಾರ್, ಕಟ್ಟಿದ್ದೆಲ್ಲ ತಗೊಂಡು ಹೋಗು ಅಂತ. ಸಣ್ಣ ಗಂಟೊಂದಿತ್ತು. ಕಿಸೆದ್ದು ತುಂಡು ಇರಬೇಕಂತ ಕರೂರು ಹುಲಿಗೆಮ್ಮನ ಗಂಟಿನ ಮ್ಯಾಲ ಇಟ್ಟು ಕೊಟ್ಟೀನಿ."

ಕರೂರಿನ ಹುಲಿಗೆಮ್ಮ ಗಿರಿಜಾಳಿಗೆ ಹೊಲಿದುಕೊಡುವವರಲ್ಲಿ ಎಲ್ಲರಿಗಿಂತ ಹಳಬಳು. ಅವಳ ಫೋನಿಗೆ ಮಾಡಿದರೆ ಸ್ವಿಚ್ ಆಫ್. ಗಿರಿಜಾಳಿಗೆ ಹೇಳೋಣವೆಂದು ಎರಡು ಸಲ ಫೋನು ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಅವಳ ಇಷ್ಟು ವರ್ಷದ ದುಡಿಮೆಯೆಲ್ಲ ನನ್ನ ಕೈಯಿಂದಲೇ ಊರು ಬಿಟ್ಟು ಹೋಗಿತ್ತು. ಎಲ್ಲಿಯೂ ನಕಲಿಲ್ಲ. ಹೆದರಿದ್ದೆ ಎಂದು ಒಪ್ಪಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಭಾನುವಾರ ಬೆಳಿಗ್ಗೆ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸು ಹಿಡಿದೆ. ದಾರಿಯಲ್ಲಿ ಬಸ್ಸು ಕುಣಿದಾಗಲೆಲ್ಲ, ನಿನ್ನೆ ಆಟೊದಲ್ಲಿ ಆ ಡ್ರೈವೂ ಹೀಗೆ ಕುಣಿದಿರಬೇಕಲ್ಲ ಎಂದುಕೊಳ್ಳುತ್ತಿದ್ದೆ. ಒಳಗೆ ತಿರುಗುವ ತಟ್ಟೆ ಇರುತ್ತದಂತೆ, ಬಿದ್ದರೆ ಕೆಟ್ಟಿತು ಎಂದು ಅದೇ ವಿಡಿಯೊದವನು ಹೇಳಿದ್ದ. ಕುರುಗೋಡಿನಲ್ಲಿ ಬಸ್ಸು ನಿಂತಿತು. ದೊಡ್ಡಬಸವಣ್ಣನ ಗುಡಿಯ ಕಡೆ ಮುಖಮಾಡಿ ಕೂತಲ್ಲಿಂದಲೇ ಕೈ ಮುಗಿದೆ. ಸುಖದಲ್ಲಿದ್ದಾಗ ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೆನೋ, ಕೈ ಜೇಬಿನಲ್ಲೇ ಇರುತ್ತಿತ್ತು.

ನಮ್ಮ ಹಳೆಯ ಓಣಿ ಕಿಟಕಿಯಿಂದ ಕಂಡಿತು. ಆ ಮನೆ ಈಗ ಬೇರೆಯವರದು, ಒಲೆಗಳ ಜಾಗದಲ್ಲಿ ಗ್ಯಾಸು ಬಂದಿರಬೇಕು. ಅಜ್ಜಿ ತೀರಿಕೊಂಡಾಗ ನಾನು ಏಳನೇ ತರಗತಿ. ಮಣ್ಣು ಮುಗಿದು, ಬಂದವರೆಲ್ಲ ಹೊರಟ ಮೇಲೆ ಅಡುಗೆಮನೆಯ ಒಲೆ ತಣ್ಣಗೆ ಬಿದ್ದಿತ್ತು. ಅಮ್ಮನಿಗೆ ಅಲ್ಲಿಗೆ ಹೋಗಲು ಮನಸ್ಸಿಲ್ಲ. ನಾವೆಲ್ಲ ಹಿತ್ತಲಲ್ಲಿ ಅಮ್ಮಮ್ಮನ ಅನ್ನವನ್ನೇ ಉಣ್ಣುತ್ತಿದ್ದೆವು. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಯಾವ ಒಲೆ ಎಂದು ಕೇಳುವವರು ಯಾರೂ ಇರಲಿಲ್ಲ. ಮುಂದಿನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅಮ್ಮಮ್ಮ. ಅನ್ನದ ಕೈಗೆ ರೊಟ್ಟಿ ಬರುತ್ತದೆಯೇ? ಒಂದು ಕಡೆ ದಪ್ಪ, ಒಂದು ಕಡೆ ತೂತು. ಬಡಿದು, ಸುಟ್ಟು, ಮೊದಲ ರೊಟ್ಟಿಯನ್ನು ಆ ಒಲೆಯ ಮುಂದೆ ಕೂತು ತಾನೇ ಮುರಿದು ತಿಂದಳು. ಅಷ್ಟು ವರ್ಷದಲ್ಲಿ ಅಲ್ಲಿಯ ಒಂದು ತುತ್ತೂ ತಿಂದವಳಲ್ಲ. ಅಮ್ಮ ಬಾಗಿಲಲ್ಲಿ ನಿಂತು, ಮಗಳ ಮನೆಯಲ್ಲಿ ಉಣ್ಣುವುದಿಲ್ಲ ಎಂದಿದ್ದೆಯಲ್ಲಮ್ಮಾ ಎಂದಳು.

"ಇದು ಮಗಳ ಮನಿ ಅಲ್ಲೇ, ಗೆಳತಿ ಮನಿ," ಅಂದಳು ಅಮ್ಮಮ್ಮ. "ಗೆಳತಿ ಮನ್ಯಾಗ ಉಂಡ್ರ ತಪ್ಪೇನಿಲ್ಲ."

ಅಂದು ನನಗೆ ರೊಟ್ಟಿ ಕೆಟ್ಟಿದೆ ಎಂಬುದಷ್ಟೇ ತಿಳಿದಿತ್ತು. ಬಸ್ಸಿನಲ್ಲಿ ಕೂತು ನೆನೆದಾಗ ಕಣ್ಣು ತುಂಬಿ ಬಂತು. ಪಕ್ಕದವರು ಧೂಳು ಬಿತ್ತೇನೋ ಎಂದು ಕಿಟಕಿ ಎಳೆದರು.

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕರೂರಿಗೆ ಹೋದೆ. ಎರಡೂ ಕಡೆ ನೀರು ನಿಂತ ಭತ್ತದ ಗದ್ದೆಗಳು, ನಾಟಿಯ ಕಾಲ, ಊರೆಲ್ಲ ಗದ್ದೆಯಲ್ಲೇ ಇದ್ದಂತಿತ್ತು. ಹುಲಿಗೆಮ್ಮನ ಮನೆ ಕೇಳಿಕೊಂಡು ಹೋಗಬೇಕಾಗಿರಲಿಲ್ಲ, ಹೊಲಿಗೆ ಯಂತ್ರದ ಸದ್ದೇ ದಾರಿ ತೋರಿಸಿತು. ಬಾಗಿಲ ಬೆಳಕಿಗೆ ಯಂತ್ರವಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿ ನೀರು ಕೊಟ್ಟಳು. ಫೋನು ನಿನ್ನೆಯಿಂದ ಗದ್ದೆಗೆ ಹೋದ ಗಂಡನ ಹತ್ತಿರವಿದೆ, ಚಾರ್ಜು ಮುಗಿದಿರಬೇಕು ಎಂದಳು. ನಾನು ನೀರು ಕುಡಿಯದೆಯೇ ಸಣ್ಣ ಗಂಟಿನ ಮಾತು ತೆಗೆದೆ. ಅವಳ ಮುಖ ಅರಳಿತು. ಒಳಗೆ ಹೋಗಿ ಗೂಡಿನಿಂದ ಒಂದು ವಸ್ತು ತಂದು ನನ್ನ ಮುಂದಿಟ್ಟಳು.

ಅದು ಜೀನ್ಸಿನ ಒಂದು ಕಿಸೆ. ಮೇಲೆ ಮುಚ್ಚಳ, ಅದಕ್ಕೊಂದು ಹಿತ್ತಾಳೆಯ ಗುಂಡಿ, ಸುತ್ತ ಹಳದಿ ದಾರದ ಜೋಡಿ ಹೊಲಿಗೆ. ಗುಂಡಿ ಬಿಚ್ಚಿ ನೋಡಿದರೆ ಒಳಗೆ ಗಿರಿಜಾಳ ಡ್ರೈವು, ಅಳತೆ ತೆಗೆದಂತೆ ಕೂತಿತ್ತು. ಅಳತೆ ತೆಗೆದೇ ಹೊಲಿದದ್ದು. ಹಿಂದೊಮ್ಮೆ ಗಿರಿಜಾ ಮೊಬೈಲು ಹಿಡಿಯುವ ಕಿಸೆ ಬೇಕೆಂದು ಹಾಳಾದ ಮೊಬೈಲೊಂದನ್ನು ಹೀಗೇ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಳಂತೆ. ಇದೂ ಹೊಸ ಕಿಸೆಯ ಮಾದರಿ ಇರಬೇಕೆಂದು ಹುಲಿಗೆಮ್ಮ ಬೆಳಿಗ್ಗೆ ಬೇರೆ ಕೆಲಸ ಬಿಟ್ಟು ಇದನ್ನೇ ಮುಗಿಸಿದ್ದಳು. ಇಷ್ಟು ದೊಡ್ಡ ಕಿಸೆ ಯಾವ ಪ್ಯಾಂಟಿಗೆ ಎಂಬುದೊಂದು ಅವಳಿಗೆ ತಿಳಿದಿರಲಿಲ್ಲ. ಮುಟ್ಟಿದರೆ ಒಳಗೆ ಮೆತ್ತಗಿತ್ತು. ಕೈಯಲ್ಲಿ ಹಿಡಿದಾಗಲೇ ಬೀಳಬಾರದ ಸಾಮಾನು ಅನ್ನಿಸಿತು, ಅದಕ್ಕೇ ಒಳಗೆ ಎರಡು ಪದರ ಹಳೇ ಸೀರೆ ಕೊಟ್ಟಿದ್ದೇನೆ ಎಂದಳು.

ನಾನು ಆ ಕಿಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಇದೇನು ಸಾಮಾನು ಎಂದು ಅವಳು ಕೇಳಿದಳು. ಗಿರಿಜಾಳ ಪ್ಯಾಟರ್ನುಗಳೆಲ್ಲ ಇದರೊಳಗಿವೆ, ಉಣ್ಣೋ ಪ್ಯಾಂಟೂ ಇದರಲ್ಲೇ ಇದೆ, ಬೇರೆ ಎಲ್ಲಿಯೂ ಇಲ್ಲ ಎಂದೆ. ಹುಲಿಗೆಮ್ಮ ತಾನು ಹೊಲಿಯುತ್ತಿದ್ದ ಪ್ಯಾಂಟಿನ ಕಾಲುಗಳ ರಾಶಿಯನ್ನೊಮ್ಮೆ ನೋಡಿದಳು.

"ಹಂಗಾದ್ರ ನನ್ನ ರೊಟ್ಟೀನೂ ಇದರಾಗ ಐತಿ ಅನ್ರಿ ಸಾರ್. ಜ್ವಾಕಿ ಒಯ್ರಿ."

ಉಣ್ಣಿಸದೆ ಬಿಡಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅನ್ನ, ಬೇಳೆಸಾರು, ಪುಂಡಿ ಚಟ್ನಿ ಉಂಡೆ. ನಾನು ತೊಟ್ಟಿದ್ದದ್ದೂ ಗಿರಿಜಾಳ ಪ್ಯಾಂಟೇ. ಏನೂ ಹರಿಯಲಿಲ್ಲ. ವಾಪಸು ಬರುವಾಗ ಎರಡೂ ಬಸ್ಸಿನಲ್ಲಿ ಕಿಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹಾರಿದಾಗ ನಾನೂ ಅದನ್ನೆತ್ತಿಕೊಂಡು ಹಾರುತ್ತಾ ಬಂದೆ. ಡ್ರೈವು ಸಿಕ್ಕಿತ್ತು, ಆದರೆ ಅದರಲ್ಲಿ ಜೀವವಿದೆಯೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಗಿರಿಜಾ ಬರುವ ಮೊದಲೇ ಅದನ್ನು ಡಬ್ಬದಲ್ಲಿ ಕೂರಿಸಿ, ಏನೂ ಆಗದವನಂತೆ ಪೇಪರು ಓದುತ್ತಾ ಇರಬೇಕೆಂಬುದು ನನ್ನ ಲೆಕ್ಕಾಚಾರ.

ಬಾಗಿಲು ತೆರೆದಿತ್ತು. ಗಿರಿಜಾ ಬೇಗನೆ ಬಂದುಬಿಟ್ಟಿದ್ದಳು. ಕಂಪ್ಯೂಟರಿನ ಮುಂದೆ ಕೂತಿದ್ದಳು, ಪರದೆಯ ಮೇಲೆ ನನ್ನ ಹೊಸ ಲಿನಕ್ಸು ಮದುಮಗನಂತೆ ಮೆರೆಯುತ್ತಿತ್ತು. ಅವಳದು ಯಾವುದೂ ಅಲ್ಲಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ ನೋಡಿದಳು, ಕಣ್ಣು ಕೆಂಪಾಗಿತ್ತು. ನಾನು ಸುಳ್ಳು ಹೇಳಲು ಬಾಯಿ ತೆರೆದೆ, ಬಾಯಿ ಸತ್ಯವನ್ನೇ ಹೇಳಿತು. ಬಟ್ಟೆ ಸುತ್ತಿದ್ದು, ಪಟ್ಟಿ ಕಟ್ಟಿದ್ದು, ಕಟ್ಟಿದ್ದೆಲ್ಲ ಒಯ್ಯಿ ಎಂದದ್ದು, ನಕಲು ಮಾಡಿಕೊಳ್ಳದೆ ಬಿಟ್ಟದ್ದು, ಎಲ್ಲ ಹೇಳಿ ಕಿಸೆಯನ್ನು ಅವಳ ಕೈಗಿಟ್ಟೆ.

ಅವಳು ಮೊದಲು ನೋಡಿದ್ದು ಹೊಲಿಗೆಯನ್ನು. ಅಂಚಿನ ಮೇಲೆ ಬೆರಳಾಡಿಸಿ, ಹುಲಿಗೆಮ್ಮನ ಕೈ ಎಂದಳು. ಆಮೇಲೆ ಗುಂಡಿ ಬಿಚ್ಚಿದಳು.

ಡ್ರೈವನ್ನು ಕೂರಿಸಿ ವೈರು ಸಿಕ್ಕಿಸಿದೆ. ಗುಂಡಿ ಒತ್ತಿದರೆ ಮತ್ತೆ ನನ್ನ ಲಿನಕ್ಸೇ ಬಂತು, ಇನ್ನೊಂದು ಇದೆ ಎಂಬುದನ್ನೇ ಅದು ಅರಿಯದು. ವಿಡಿಯೊದವನು ಹೇಳಿದ್ದೊಂದು ನೆನಪಾಯಿತು: ಡಬ್ಬ ಏಳುವಾಗಲೇ ಒಂದು ಕೀಲಿ ಒತ್ತಿ ಹಿಡಿದರೆ ಯಾವ ಡ್ರೈವಿನಿಂದ ಏಳಬೇಕೆಂದು ಕೇಳುತ್ತದೆ. ಒತ್ತಿ ಹಿಡಿದೆ. ಎರಡು ಹೆಸರು ಬಂದವು. ಹಳೆಯದನ್ನು ಆರಿಸಿದೆ. ಪರದೆ ಕಪ್ಪಾಗಿಯೇ ಇತ್ತು. ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಡಬ್ಬದೊಳಗೆ ಹಳೆಯ ತಟ್ಟೆ ಗುರ್ರೆಂದು ತಿರುಗತೊಡಗಿತು, ಆಮೇಲೆ ಅವಳ ವಿಂಡೋಸು ನಿದ್ದೆಗಣ್ಣಿನಲ್ಲಿ ಎದ್ದು ಬಂತು. ಅವಳು ನೇರವಾಗಿ ಉಣ್ಣೋ ಪ್ಯಾಂಟನ್ನೇ ತೆರೆದಳು. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು ಎಂದು ಎಲ್ಲ ಸೈಜುಗಳನ್ನೂ ಒಂದೊಂದಾಗಿ ತೆರೆದು ಮುಚ್ಚಿದಳು. ನಲವತ್ತನಾಲ್ಕು ಮುಗಿದ ಮೇಲೆ ಎದ್ದು ಒಳಗೆ ಹೋಗಿ ಎರಡು ಲೋಟ ಚಹಾ ತಂದಳು. ಒಂದು ನನಗೆ. ಅಷ್ಟರಿಂದ ನಾನು ಉಳಿದೆನೆಂದು ತಿಳಿಯಿತು.

ಸೋಮವಾರದ ಕಟಿಂಗ್ ಸೋಮವಾರವೇ ಆಯಿತು. ಆ ವಾರ ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡು, ಪಕ್ಕದ ಮನೆಯಲ್ಲಿ ಯಾರಿದ್ದಾರೆ ನೋಡು ಎಂದು ನನ್ನ ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟೆ. ಅದು ಹುಡುಕಿ, ಗಿರಿಜಾಳದ್ದನ್ನೂ ಸೇರಿಸಿ ಎರಡು ಸಾಲಿನ ಪಟ್ಟಿ ಮಾಡಿಕೊಂಡಿತು. ತನ್ನ ಹೆಸರನ್ನೇ ಮೇಲಿಟ್ಟುಕೊಂಡಿತ್ತು. ಅದನ್ನು ಕೆಳಗಿಳಿಸಿ ಅವಳದನ್ನು ಮೇಲೆ ಹಾಕಿದೆ. ಬಾಯಿಬಿಡದಿದ್ದರೆ ಅಜ್ಜಿಯ ಕಡೆ ತಟ್ಟೆ ಬೀಳಬೇಕಷ್ಟೆ. ಸಣ್ಣದೊಂದು ತಂಟೆ ಮಾತ್ರ ಉಳಿಯಿತು. ನನ್ನದು ಡಬ್ಬದ ಗಡಿಯಾರವನ್ನು ವಿಲಾಯಿತಿ ಹೊತ್ತಿಗೆ ಇಡುತ್ತದಂತೆ, ನಾನು ಅದರಲ್ಲಿ ಕೂತು ಎದ್ದ ಮೇಲೆ ಅವಳದರ ಗಡಿಯಾರ ಐದೂವರೆ ತಾಸು ಹಿಂದೆ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಅವಳ ಪರದೆಯಲ್ಲಿ ಬೆಳಗಿನ ಐದೂವರೆ. ಕೋಣೆಗೆ ಬಂದವರಿಗೆಲ್ಲ, ನಮ್ಮ ಮನೆಯವರು ಕೂತು ಹೋದ ಮೇಲೆ ಹೊತ್ತು ಹೀಗೇ ಹಾಳಾಗುತ್ತದೆ ಎಂದು ತೋರಿಸಿ ನಗುತ್ತಿದ್ದಳು. ಅದನ್ನೂ ಸರಿಮಾಡಿದೆ. ಆದರೆ ನನ್ನ ಲಿನಕ್ಸಿನ ಕಡೆ ಅವಳು ಬೆರಳೂ ಇಡಲಿಲ್ಲ. ಅದು ನಿಮ್ಮ ಒಲೆ, ನನಗ್ಯಾಕೆ ಎಂದಳು. ಕುರುಗೋಡಿನ ಕಥೆ ನಾನೇ ಅವಳಿಗೆ ಹೇಳಿ ತಪ್ಪು ಮಾಡಿದ್ದೆ.

ಮೊನ್ನೆ ಬೆಳಿಗ್ಗೆ ಎಣಿಕೆ ಮುಗಿಯುವ ಮೊದಲೇ ಕನ್ನಡಕ ಸಿಕ್ಕಿತು. ಕೆಳಗಿನ ಸಾಲು ಆರಿಸಿ ನನ್ನದನ್ನು ತೆರೆದೆ. ನನ್ನ ಟಿಪ್ಪಣಿಗಳ ಪಕ್ಕದಲ್ಲಿ ನಾನಿಡದ ಒಂದು ಕಡತ ಕೂತಿತ್ತು. ಹೆಸರು ಗಿರಿಜಾ. ತೆರೆದರೆ ಅವಳ ಪ್ಯಾಟರ್ನುಗಳು, ಒಂದೂ ಬಿಡದೆ, ಉಣ್ಣೋ ಪ್ಯಾಂಟಿನ ಎಲ್ಲ ಸೈಜುಗಳೂ ಸಾಲಾಗಿ. ನಾನು ಶಾಲೆಗೆ ಹೋದಾಗ ತಾನೇ ಕೂತು, ತಾನೇ ಕೆಳಗಿನ ಸಾಲು ಆರಿಸಿ, ಒಂದೊಂದಾಗಿ ತಂದಿಟ್ಟಿದ್ದಾಳೆ. ಎಷ್ಟು ದಿನ ಹಿಡಿಯಿತೋ ಏನೋ.

ತಿರುಗಿ ನೋಡಿದೆ. ಅವಳು ಕಟಿಂಗ್ ಮೇಜಿನ ಹತ್ತಿರ ಗಂಟು ಕಟ್ಟುವ ಪಟ್ಟಿಗಳನ್ನು ಒಂದೇ ಅಳತೆಗೆ ಹರಿಯುತ್ತಿದ್ದಳು. ಹುಲಿಗೆಮ್ಮನ ಕಿಸೆ ಅವಳ ತಲೆಯ ಮೇಲಿನ ಮೊಳೆಯಲ್ಲಿ ತೂಗುತ್ತಿತ್ತು. ನಾನು ಕಡತ ನೋಡಿದ್ದು ಅವಳಿಗೆ ತಿಳಿಯಿತು, ಕೈ ನಿಲ್ಲಿಸಲಿಲ್ಲ.

"ನನ್ನವು ಒಂದು ಜೊತಿ ನಿಮ್ಮ ಕಡೆನೂ ಇರ್ಲಿ," ಅಂದಳು. "ಆದ್ರ ಬಿಚ್ಚಿ ಇಡ್ರಿ. ಕಟ್ಟಬ್ಯಾಡ್ರಿ."